ಅನಾನಸ್ ರಸದಲ್ಲಿ ಮೀನು

ನನ್ನ ಗಂಡ ತೀರಿಕೊಂಡು ಕೆಲವು ವಾರಗಳಾದ ಮೇಲೆ ಅವನು ತರಿಸಿದ್ದ ಡಬ್ಬಗಳು ಅಂಗಡಿಗೆ ಬಂದವು. ಲಾರಿಯವನು ಬಾಗಿಲಲ್ಲಿ ನಿಂತು ಅವನ ಹೆಸರನ್ನೇ ಕೂಗಿ ಸಹಿ ಕೇಳಿದ. ಅವನ ಅಣ್ಣ, ನನ್ನ ಭಾವ, ಹೊರಗೆ ಹೋಗಿ ಅವನಿಲ್ಲ ಎಂದರು. ಯಾವಾಗ ಬರುತ್ತಾರೆ ಎಂದು ಲಾರಿಯವನು ವಿಚಾರಿಸಿದ. ಭಾವ ಸ್ವಲ್ಪ ಯೋಚಿಸಿ, "ನಾನೇ ಹಾಕ್ತೀನಿ, ಕೊಡಿ," ಎಂದು ಸಹಿ ಹಾಕಿದರು.

ನಮ್ಮದು ಚಾರಣಕ್ಕೆ ಹೋಗುವವರಿಗೆ ಬೇಕಾದ ಸಾಮಾನಿನ ಅಂಗಡಿ. ಡೇರೆ, ಹಗ್ಗ, ಬೂಟು, ಬೆನ್ನಿಗೆ ಹಾಕುವ ಚೀಲ, ಒಳಗೆ ಹೊಕ್ಕು ಮಲಗುವ ಚೀಲ, ಅಂಗೈಯಗಲದ ಗ್ಯಾಸ್ ಒಲೆ. ಕೆಳಗೆ ಅಂಗಡಿ, ಹಿಂದೆ ಗೋದಾಮು, ಮೇಲೆ ಮನೆ. ಮನೆಯಲ್ಲಿ ಮಾವ, ಭಾವ, ಭಾವನ ಹೆಂಡತಿ, ನಾವಿಬ್ಬರು. ಈಗ ನಾನೊಬ್ಬಳು. ಅವನು ಗೋದಾಮಿನಲ್ಲಿ ಏಣಿಯಿಂದ ಇಳಿದು, ಯಾಕೋ ಸುಸ್ತು ಎಂದು ಮಲಗುವ ಚೀಲಗಳ ರಾಶಿಯ ಮೇಲೆ ಕೂತ. ಮತ್ತೆ ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಇದ್ದುದರಲ್ಲಿ ಮೆತ್ತನೆಯ ಜಾಗದಲ್ಲೇ ಕೂತಿದ್ದನಲ್ಲ ಎಂದು ಬಂದವರೆಲ್ಲ ಸಮಾಧಾನ ಹೇಳಿದರು.

ಡಬ್ಬಗಳ ಆರ್ಡರನ್ನು ಅವನು ಯಾವುದೋ ದೊಡ್ಡ ಊರಿನ ವ್ಯಾಪಾರಿಗಳ ಮೇಳದಲ್ಲಿ ಕೊಟ್ಟು ಬಂದಿದ್ದ. ಬಂದ ದಿನ ಬಹಳ ಹೊತ್ತು ಹೇಳಿದ. ಬೆಟ್ಟದ ತುದಿಯಲ್ಲಿ ಕೂತು ಮುಚ್ಚಳ ಎಳೆದರೆ ಸಾಕು, ಔತಣ ಎಂದ. ನಾನು ಅರ್ಧ ಕಿವಿಯಲ್ಲಿ ಕೇಳಿದ್ದೆ. ಈಗ ಆ ಔತಣ ಕಟ್ಟುಕಟ್ಟಾಗಿ ನಡುಮನೆಯಷ್ಟು ಜಾಗ ಹಿಡಿದು ನಿಂತಿತು. ಒಂದು ಉದ್ದ ಡಬ್ಬದಲ್ಲಿ ಇಡೀ ಕೋಳಿ. ಇನ್ನೊಂದರಲ್ಲಿ ಬ್ರೆಡ್ಡು. ಒಂದರಲ್ಲಿ ಚೀಸು, ಬನ್ನು, ಮಾಂಸ ಎಲ್ಲ ಸೇರಿ ಮಡಿಸಿಟ್ಟ ಬರ್ಗರ್. ಒಂದರಲ್ಲಿ ಪೂರ್ತಿ ಬೆಳಗಿನ ತಿಂಡಿ, ಪದರ ಪದರವಾಗಿ: ಮೇಲೆ ಮೊಟ್ಟೆ, ಅದರ ಕೆಳಗೆ ಅಣಬೆ, ಅದರ ಕೆಳಗೆ ಸಿಹಿ ಸಾಸಿನಲ್ಲಿ ಕಾಳು, ತಳದಲ್ಲಿ ಏನೋ. ಒಂದರಲ್ಲಿ ಚಾಕಲೇಟ್ ಕೇಕು. ಇನ್ನೂ ಒಂದು ಬಗೆ ತಡವಾಗಿ ಬರುತ್ತದೆ ಎಂದು ಬಿಲ್ಲಿನ ಕೆಳಗೆ ಬರೆದಿತ್ತು. ಭಾವ ಓದಿದರು: ಅನಾನಸ್ ರಸದಲ್ಲಿ ಮೀನು. ಓದಿ ಬಿಲ್ಲನ್ನು ಮಡಿಸಿ ಜೇಬಿಗಿಟ್ಟುಕೊಂಡು, "ತಡವಾಗೇ ಬರಲಿ," ಎಂದರು.

ಬದುಕಿರುವವರು ಮಾಡಿದ ತಪ್ಪು ಆರ್ಡರನ್ನು ವಾಪಸು ಕಳಿಸಬಹುದು, ಬೈಯಬಹುದು. ಇದಕ್ಕೆ ಎರಡೂ ಆಗಲಿಲ್ಲ. ಅದಕ್ಕೆ ಮಾರುವುದೆಂದಾಯಿತು.

ಮಾರಲು ಒಂದು ತೊಡಕಿತ್ತು. ನಾವು ಬಳಸದ್ದನ್ನು ಮಾರುವುದಿಲ್ಲ ಎಂದು ಗಲ್ಲಾದ ಹಿಂದೆ ಒಂದು ಹಲಗೆ ತೂಗುಹಾಕಿದೆ. ಬೇರೆ ಅಂಗಡಿಯವರು ಇಂಥದ್ದನ್ನು ಅಂದಕ್ಕೆ ಹಾಕುತ್ತಾರೆ. ನಮ್ಮ ಮಾವ ಅದನ್ನು ಬರೆಸಿದ ಮೇಲೆ ಹಾಗೇ ಬದುಕಿದರು. ಯಾವ ಹೊಸ ಡೇರೆ ಬಂದರೂ ಮಹಡಿಯ ಮೇಲೆ ಹಾಕಿ ಒಂದು ರಾತ್ರಿ ಮಲಗುತ್ತಿದ್ದರು. ಭಾವ ಬೆನ್ನಚೀಲಕ್ಕೆ ಇಟ್ಟಿಗೆ ತುಂಬಿಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ನನ್ನ ಗಂಡ ಮಳೆ ಅಂಗಿ ತೊಟ್ಟು ಬಚ್ಚಲಿನಲ್ಲಿ ಷವರ್ ಕೆಳಗೆ ನಿಂತು, ನೀರು ಒಳಗೆ ಬಂತೋ ಇಲ್ಲವೋ ಎಂದು ಬಾಗಿಲಾಚೆ ನಿಂತ ಅಣ್ಣನಿಗೆ ಕೂಗಿ ಹೇಳುತ್ತಿದ್ದ. ಮನೆಯವರಲ್ಲಿ ಒಬ್ಬರಾದರೂ ಬಳಸಿ ಸರಿ ಎನ್ನಬೇಕು. ಆಗ ವಸ್ತು ಕಪಾಟಿಗೆ ಏರುತ್ತದೆ. ಡಬ್ಬಗಳನ್ನು ಅವನೇ ತಿಂದು ನೋಡುವವನಿದ್ದ. ಅವನು ಏನನ್ನಾದರೂ ತಿನ್ನುತ್ತಿದ್ದ. ಮದುವೆಯಾದ ಹೊಸತರಲ್ಲಿ ನಾನು ಕರಕಲು ಮಾಡಿದ್ದನ್ನೆಲ್ಲ ಹೊಸ ರುಚಿ ಎಂದು ತಿಂದವನು ಅವನು.

ಇಷ್ಟರಲ್ಲಿ ನನ್ನ ವಿಷಯದಲ್ಲೂ ಒಂದು ತೀರ್ಮಾನವಾಗಿತ್ತು. ನನ್ನ ಅಮ್ಮ ಮತ್ತು ಅಣ್ಣ ಬಂದು ನನ್ನನ್ನು ತಮ್ಮ ಊರಿಗೆ ಕರೆದುಕೊಂಡು ಹೋಗುವುದು, ಸ್ವಲ್ಪ ದಿನ ಇಟ್ಟುಕೊಳ್ಳುವುದು. ಸ್ವಲ್ಪ ದಿನ ಎಂದರೆ ಎಷ್ಟು ಎಂದು ಎರಡೂ ಮನೆಯವರಿಗೆ ಗೊತ್ತಿತ್ತು. ಹೆಂಗಸು ಗಂಡ ಹೋದ ಮನೆಯಿಂದ ಪೆಟ್ಟಿಗೆ ತೆಗೆದುಕೊಂಡು ಹೊರಟ ಮೇಲೆ ಪೆಟ್ಟಿಗೆ ವಾಪಸು ಬರುವುದಿಲ್ಲ. ಎಲ್ಲರೂ ನನ್ನ ಹತ್ತಿರ ಪಿಸುಮಾತಿನಲ್ಲಿ, ಜ್ವರ ಬಂದವರ ಹತ್ತಿರ ಮಾತಾಡುವ ಹಾಗೆ, ನಿನ್ನ ಒಳ್ಳೆಯದಕ್ಕೆ ಎಂದರು. ನಾನು ಹೂಂ ಎಂದೆ. ಆಗೆಲ್ಲ ನಾನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದೆ.

ಆದರೆ ನನಗೆ ಅಂಗಡಿ ಬಿಟ್ಟು ಹೋಗುವ ಮನಸ್ಸಿರಲಿಲ್ಲ. ಆ ದಿನಗಳಲ್ಲಿ ನನಗೆ ಬೇಕಾಗಿದ್ದುದು ಅದೊಂದೇ. ಮನೆಗೆ ಬಂದವರೆಲ್ಲ ಹೇಗಿದ್ದೀಯಾ ಎಂದು ಕೇಳುತ್ತಿದ್ದರು. ಅಂಗಡಿಗೆ ಬಂದವರು ಈ ಹಗ್ಗ ಒದ್ದೆಯಾದರೆ ಗಂಟು ಬಿಚ್ಚಲು ಬರುತ್ತದೆಯೇ ಎಂದು ಕೇಳುತ್ತಿದ್ದರು. ಅದಕ್ಕೆ ಉತ್ತರವಿತ್ತು.

ಒಂದು ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ನಾಲ್ವರೂ ಮೇಲೆ ಊಟದ ಮೇಜಿಗೆ ಕೂತೆವು. ಭಾವ ಮೊದಲು ಕೋಳಿಯ ಡಬ್ಬ ತೆರೆದು ತಟ್ಟೆಗೆ ಬೋರಲು ಹಾಕಿದರು. ಕೋಳಿ ಬರಲಿಲ್ಲ. ಅಲುಗಾಡಿಸಿದರು. ಒಳಗಿನಿಂದ ನಿಟ್ಟುಸಿರಿನಂಥ ಸದ್ದು ಬಂತು, ಸದ್ದಿನ ಹಿಂದೆ ಕೋಳಿ. ಲೋಳೆಯ ನಡುವೆ ಕಾಲು ಮಡಚಿಕೊಂಡು, ಸ್ನಾನ ಮುಗಿಸಿ ಟವೆಲು ಮರೆತು ಬಂದವರ ಹಾಗೆ ತಟ್ಟೆಯಲ್ಲಿ ಕೂತಿತು. ಭಾವ ಬಾಯಿಗೆ ಕೈ ಅಡ್ಡ ಹಿಡಿದು, ಯಾರದೋ ಫೋನು ಎಂದು ಎದ್ದು ಬಚ್ಚಲಿಗೆ ಓಡಿದರು. ಯಾವ ಫೋನೂ ಬಂದಿರಲಿಲ್ಲ.

"ಅದು ನನ್ನನ್ನೇ ನೋಡ್ತಿದೆ," ಎಂದರು ಭಾವನ ಹೆಂಡತಿ. ಅವರನ್ನು ನಾನು ಅಕ್ಕ ಎನ್ನುತ್ತೇನೆ.

"ತಲೆ ಇಲ್ಲವಲ್ಲ ಅಕ್ಕ."

"ಆದ್ರೂ."

ಅವರು ಕುರ್ಚಿಯನ್ನು ಹಿಂದಕ್ಕೆಳೆದುಕೊಂಡು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮಾವ ನಿಯಮ ಮಾಡಿದವರಾದ್ದರಿಂದ ಹಿಂಜರಿಯುವಂತಿರಲಿಲ್ಲ. ಬ್ರೆಡ್ಡಿನ ಒಂದು ತುಂಡನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ಉಗುಳಲೂ ಆಗದೆ ನುಂಗಲೂ ಆಗದೆ ಕೊನೆಗೆ ಆ ಕಡೆ ತಿರುಗಿ, ಮೇಲಿನ ಕಟ್ಟಿಸಿದ ಹಲ್ಲನ್ನು ಬ್ರೆಡ್ಡಿನ ಸಮೇತ ಕರವಸ್ತ್ರಕ್ಕೆ ತೆಗೆದುಕೊಂಡರು. ಹಲ್ಲಿಲ್ಲದ ಬಾಯಲ್ಲಿ, ತನಗೆ ವಯಸ್ಸಾಯಿತು, ತನ್ನ ಅಭಿಪ್ರಾಯ ಲೆಕ್ಕಕ್ಕೆ ಬೇಡ ಎಂದರು.

ನಾನು ತಿಂದೆ. ಮುಂದೆ ತಟ್ಟೆ ಇತ್ತು, ಅದಕ್ಕೆ ತಿಂದೆ. ಕೋಳಿ ತಿಂದೆ, ಬರ್ಗರ್ ತಿಂದೆ, ತಿಂಡಿಯ ಡಬ್ಬದಲ್ಲಿ ಮೇಲಿನ ಪದರದಿಂದ ಶುರುಮಾಡಿ ತಳದ ಏನೋವರೆಗೆ ತಿಂದೆ. ಆಗ ನನಗೆ ಯಾವುದರ ರುಚಿಯೂ ಗೊತ್ತಾಗುತ್ತಿರಲಿಲ್ಲ. ನಾಲಿಗೆ ಸತ್ತಿತ್ತು ಎನ್ನುವುದು ದೊಡ್ಡ ಮಾತು. ಅದು ದಿನಾ ಕೆಲಸಕ್ಕೆ ಬರುತ್ತಿತ್ತು, ಕೂತು ಎದ್ದು ಹೋಗುತ್ತಿತ್ತು, ಕೆಲವು ಗುಮಾಸ್ತರ ಹಾಗೆ. ಸೀಸೆಗೆ ನೀರು ತುಂಬುವಂತೆ ನಾನು ಹೊಟ್ಟೆಗೆ ಅನ್ನ ತುಂಬುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಇನ್ನೂ ಮೆಲ್ಲಗೆ ಮಾತಾಡುತ್ತಾರೆ.

ಭಾವ ಮುಖ ತೊಳೆದುಕೊಂಡು ಬಂದು ನೋಡಿದರು. ಅಕ್ಕನೂ ಮಾವನೂ ನನ್ನ ಮುಖವನ್ನೇ ನೋಡುತ್ತಿದ್ದರು. ಹುಬ್ಬು ಅಲುಗಲಿಲ್ಲ, ಮೂಗು ಸೊಟ್ಟಗಾಗಲಿಲ್ಲ.

"ಹೇಗಿದೆ?" ಎಂದರು ಭಾವ.

"ಸರಿಯಾಗಿದೆ," ಎಂದೆ.

ಮಾವ ಕರವಸ್ತ್ರವನ್ನು ಜೇಬಿಗೆ ಹಾಕಿಕೊಂಡು, ಮನೆಯವರು ಒಬ್ಬರು ತಿಂದಾಯಿತು, ಇನ್ನು ಮಾರಬಹುದು ಎಂದರು. ಆ ಸಂಜೆ ಭಾವ ನಮ್ಮ ಅಮ್ಮನಿಗೆ ಫೋನು ಮಾಡಿ, ಸದ್ಯಕ್ಕೆ ಇವಳನ್ನು ಕಳಿಸಲು ಆಗುವುದಿಲ್ಲ, ಡಬ್ಬದ ವಿಭಾಗವನ್ನು ಇವಳೇ ನೋಡಿಕೊಳ್ಳುತ್ತಿದ್ದಾಳೆ ಎಂದರು. ಆ ಮಾತು ಮುಗಿಯುವವರೆಗೆ ಅಂಥ ವಿಭಾಗ ಇರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು. ಡಬ್ಬಗಳಿರುವವರೆಗೆ ನಾನಿರುತ್ತೇನೆ ಎಂದು ತಿಳಿದುಕೊಂಡೆ.

ಪ್ರತಿ ಶನಿವಾರ ಅಂಗಡಿಯ ಮುಂದೆ ಒಂದು ಮಡಿಸುವ ಮೇಜು ಹಾಕಿ, ಡಬ್ಬ ತೆರೆದು, ಹಲ್ಲುಕಡ್ಡಿ ಚುಚ್ಚಿದ ತುಣುಕುಗಳನ್ನು ತಟ್ಟೆಯಲ್ಲಿಡುತ್ತಿದ್ದೆವು. ಮೇಜಿನ ಹಿಂದೆ ನಾನು. ಗಿರಾಕಿ ತಿನ್ನುವ ಮೊದಲು ನಾನೊಂದು ತುಣುಕು ತಿನ್ನುವುದು, ಆಮೇಲೆ ನಮ್ಮ ಅಂಗಡಿಯ ಮಾತನ್ನು ಹೇಳುವುದು. ಹಗ್ಗವಾದರೆ ನಾನು ಜೋತುಬಿದ್ದಿದ್ದೇನೆ ಎನ್ನಬೇಕು, ಡೇರೆಯಾದರೆ ನಾನು ಮಲಗಿದ್ದೇನೆ ಎನ್ನಬೇಕು. ಇದಕ್ಕೆ ನಾನು ಕಂಡುಕೊಂಡ ಮಾತು, "ತಿಂದಿದ್ದೀನಿ. ಏನೂ ಆಗಿಲ್ಲ."

ಜನ ನಕ್ಕು ತುಣುಕು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಗು ಅಲ್ಲಿಗೆ ನಿಲ್ಲುತ್ತಿತ್ತು. ಒಬ್ಬ ಬ್ಯಾಂಕಿನವನು ಬರ್ಗರ್ ತಿಂದು, ಇದನ್ನು ಬಿಸಿ ಮಾಡಬೇಕಿತ್ತಲ್ಲವೇ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಬಿಸಿ ಮಾಡಿದ್ದೇ ಎಂದೆ. ಒಬ್ಬ ಹೆಂಗಸು ತಮ್ಮ ಮನೆಯ ನಾಯಿಗೂ ಇಂಥದ್ದೇ ಡಬ್ಬ ಬರುತ್ತದೆ, ಅದು ಇದಕ್ಕಿಂತ ಹದವಾಗಿರುತ್ತದೆ ಎಂದರು. ನಾಯಿಯ ಡಬ್ಬದ ರುಚಿ ನಿನಗೆ ಹೇಗೆ ಗೊತ್ತು ಎಂದು ಜೊತೆಗಿದ್ದ ಅವರ ಗಂಡ ಕೇಳಿದ್ದಕ್ಕೆ, "ಇಷ್ಟು ವರ್ಷ ನಿಮಗೆ ಗೊತ್ತಾಗಿಲ್ವಲ್ಲ," ಎಂದು ಮುಂದೆ ನಡೆದರು. ಹೊಸದಾಗಿ ಮದುವೆಯಾದಂತಿದ್ದ ಒಂದು ಜೋಡಿ ಒಬ್ಬರಿಗೊಬ್ಬರು ಕೋಳಿ ತಿನ್ನಿಸಿಕೊಂಡರು. ಇಬ್ಬರೂ ಇನ್ನೊಬ್ಬರಿಗೆ ಬೇಸರವಾಗಬಾರದೆಂದು ಚೆನ್ನಾಗಿದೆ ಎಂದು ತಲೆಯಾಡಿಸಿ, ಎರಡು ಡಬ್ಬ ಕೊಂಡರು. ಆ ಮದುವೆ ಬಹಳ ಕಾಲ ಬಾಳುತ್ತದೆ ಅನ್ನಿಸಿತು. ಒಬ್ಬ ನಿವೃತ್ತ ಮೇಷ್ಟ್ರು ತಿಂಡಿಯ ಡಬ್ಬದ ಮುಂದೆ ನಿಂತು ಪ್ರತಿ ಪದರವನ್ನೂ ಚಮಚದಿಂದ ಎತ್ತಿ ನೋಡಿ, ತಳಕ್ಕೆ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಇದು ಏನು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ತಿಂದಿದ್ದೀರಾ ಎಂದರು. ಅವರೆದುರಿಗೇ ತಿಂದು ತೋರಿಸಿದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಉತ್ತರ ಸಿಗದೆ ಹೋದರು.

ಕೆಲವು ವಾರಗಳಲ್ಲಿ ಬೀದಿಯವರು ನನಗೆ ಕಲ್ಲುಮುಖದಮ್ಮ ಎಂದು ಹೆಸರಿಟ್ಟರು. ಪಕ್ಕದ ಔಷಧಿ ಅಂಗಡಿಯವನು ತನ್ನ ನೆಂಟರನ್ನು ಕರೆದುಕೊಂಡು ಬಂದು ನನ್ನನ್ನು ತೋರಿಸಿದ. ಭಾವ ಪ್ರತಿ ಶನಿವಾರ ಸಂಜೆ ವ್ಯಾಪಾರ ಚೆನ್ನಾಗಾಯಿತು ಎನ್ನುತ್ತಿದ್ದರು. ತಿಂಗಳು ಕಳೆಯುವುದರೊಳಗೆ ಖಾಲಿಯಾಯಿತು, ಇನ್ನಷ್ಟು ತರಿಸುತ್ತೇನೆ ಎಂದರು. ಇನ್ನಷ್ಟು ಬಂತು. ಅದೂ ಖಾಲಿಯಾಯಿತು ಎಂದರು. ನಾನು ಕೂತಲ್ಲಿಂದ ನೋಡಿದರೆ ಜನ ತಿನ್ನುವುದು ಕಾಣುತ್ತಿತ್ತು, ಕೊಳ್ಳುವುದು ಅಷ್ಟು ಕಾಣುತ್ತಿರಲಿಲ್ಲ. ಆದರೆ ವ್ಯಾಪಾರ ಭಾವನಿಗೆ ಗೊತ್ತು. ಒಳಗೊಳಗೆ ನಾನು, ಈ ಮನುಷ್ಯ ಇಷ್ಟು ಮಾರಬೇಕಾದರೆ ನಾನು ಎಷ್ಟು ತಿನ್ನಬೇಕೋ ಅಷ್ಟು ತಿನ್ನಬೇಕು ಎಂದುಕೊಂಡು ತಿಂದೆ.

ಒಂದು ದಿನ ಅಕ್ಕ ಟೀ ತಂದುಕೊಟ್ಟು ಎದುರು ಕೂತರು. ಅವರು ಕೂರುವವರಲ್ಲ. ನಾನು ಕುಡಿದು ಲೋಟ ಕೆಳಗಿಟ್ಟೆ. ಟೀ ಹೇಗಿತ್ತು ಎಂದು ಕೇಳಿದರು. ಚೆನ್ನಾಗಿತ್ತು ಎಂದೆ.

"ಸಕ್ಕರೆ ಬದಲು ಉಪ್ಪು ಹಾಕಿದ್ದೆ," ಎಂದರು.

ನಾನು ಲೋಟದ ತಳ ನೋಡಿದೆ. ನೋಡಿದರೆ ಗೊತ್ತಾಗುವಂಥದ್ದು ಏನೂ ಇರಲಿಲ್ಲ.

"ಯಾವಾಗಿಂದ?"

"ಆಗಿಂದ," ಎಂದೆ.

"ಮತ್ತೆ ಆ ಹಾಳು ಡಬ್ಬಗಳನ್ನ ಯಾಕೆ ತಿಂತೀಯೇ?"

"ಭಾವ ಮಾರಬೇಕಲ್ಲ ಅಕ್ಕ."

ಅಕ್ಕ ಏನೋ ಹೇಳಲು ಬಾಯಿ ತೆರೆದರು. ಮುಚ್ಚಿಕೊಂಡರು. ಲೋಟ ಎತ್ತಿಕೊಂಡು ಹೋಗಿ ಸಕ್ಕರೆ ಹಾಕಿದ ಇನ್ನೊಂದು ಟೀ ತಂದರು. ಅದೂ ಹಾಗೇ ಇತ್ತು. ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡೆ. "ನಂಗೇನು ಹುಚ್ಚಾ," ಎಂದರು. ಅದು ಹೌದೋ ಅಲ್ಲವೋ ಎಂದು ಆಗ ಅರ್ಥವಾಗಲಿಲ್ಲ.

ಮೀನು ಬಂದದ್ದು ಶಿಬಿರಗಳ ಕಾಲ ಹತ್ತಿರ ಬಂದಾಗ. ಅದೇ ವಾರ ಕ್ಯಾಪ್ಟನ್ ಕೂಡ ಬಂದರು. ಅವರು ಶಾಲೆಯ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಿ ಶಿಬಿರ ನಡೆಸುವವರು. ಯಾವ ಪಡೆಗೆ ಕ್ಯಾಪ್ಟನ್ ಆಗಿದ್ದರೋ ಯಾರೂ ಕೇಳಿರಲಿಲ್ಲ. ಆದರೆ ಮೀಸೆ ಆ ಪದವಿಗೆ ತಕ್ಕಂತಿತ್ತು. ವರ್ಷವರ್ಷವೂ ನಮ್ಮಲ್ಲೇ ಡೇರೆ ಕೊಳ್ಳುತ್ತಿದ್ದರು. ಈ ಸಲ ಅವರ ಅಡುಗೆಯವನು ಮದುವೆ ಮನೆಗಳ ಕಡೆ ಹೊರಟುಹೋಗಿದ್ದ. ಡಬ್ಬದ ವಿಷಯ ಬೀದಿಯಲ್ಲಿ ಕೇಳಿ ಬಂದಿದ್ದರು. ಇಡೀ ಶಿಬಿರಕ್ಕೆ, ಎಲ್ಲ ಊಟಕ್ಕೆ ಡಬ್ಬ ಬೇಕು ಎಂದರು. ಭಾವನ ಮುಖದಲ್ಲಿ ಗಾಬರಿಯಂಥದ್ದು ಕಂಡಿತು. ಸಂತೋಷ ಹೆಚ್ಚಾದರೂ ಹಾಗೆ ಕಾಣುತ್ತದೆ ಎಂದುಕೊಂಡೆ.

ಇದು ಆದರೆ ವರ್ಷವಿಡೀ ಡಬ್ಬ ಬರುತ್ತಲೇ ಇರುತ್ತದೆ. ವರ್ಷವಿಡೀ ನಾನಿಲ್ಲಿರುತ್ತೇನೆ. ನನ್ನ ಯೋಚನೆ ಅಷ್ಟೇ ಇತ್ತು.

ಮಾವ ಬಾಗಿಲ ಪಕ್ಕದ ತಮ್ಮ ಕುರ್ಚಿಯಿಂದ, ಹೊಸ ಮಾಲು ಇನ್ನೂ ಮನೆಯವರು ತಿಂದಿಲ್ಲ, ಇವರ ಎದುರಿಗೇ ಆಗಲಿ ಎಂದರು. ಕ್ಯಾಪ್ಟನ್ ಕೈ ಹಿಂದೆ ಕಟ್ಟಿ ನಿಂತರು. ಅಕ್ಕ ಮೆಟ್ಟಿಲ ಮೇಲೆ ನಿಂತರು. ನಾನು ಮುಚ್ಚಳ ಎಳೆದೆ. ಹಳದಿ ರಸದ ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತಿದ್ದವು. ಅನಾನಸಿನ ಚೌಕಗಳ ನಡುವೆ ಬೆರಳುದ್ದದ ಮೀನುಗಳು ಒತ್ತೊತ್ತಾಗಿ ಮಲಗಿದ್ದವು. ಒಂದನ್ನು ಚಮಚದಲ್ಲಿ ಎತ್ತಿ ಬಾಯಿಗಿಟ್ಟೆ.

ಮೊದಲು ಉಪ್ಪು ಬಂತು.

ಉಪ್ಪು ಎಂದು ನನಗೆ ತಕ್ಷಣ ತಿಳಿಯಲಿಲ್ಲ. ಬಹಳ ದಿನದ ಮೇಲೆ ಯಾರೋ ಬಾಗಿಲು ತಟ್ಟಿದಂತಾಯಿತು. ಅದರ ಹಿಂದೆಯೇ ಸಿಹಿ, ಕಣ್ಣು ಕುಕ್ಕುವಷ್ಟು ಸಿಹಿ. ಆಮೇಲೆ ಹುಳಿ, ಆಮೇಲೆ ತಗಡಿನ ಕಿಲುಬು, ಎಲ್ಲಕ್ಕಿಂತ ಕೊನೆಗೆ ಮೀನು. ಮಾತು ಬಿಟ್ಟ ನೆಂಟರೆಲ್ಲ ಒಂದೇ ಕಾರಿನಿಂದ ಇಳಿದು ಒಬ್ಬೊಬ್ಬರಾಗಿ ಒಳಗೆ ಬಂದ ಹಾಗೆ. ನನ್ನ ಮುಖ ಏನು ಮಾಡಿತೋ ನನಗೆ ಕಾಣಲಿಲ್ಲ. ಕ್ಯಾಪ್ಟನ್ ಮುಖ ಕಂಡಿತು, ಅದರಿಂದ ತಿಳಿಯಿತು. ಅವರ ಮೀಸೆ ಎರಡೂ ಕಡೆ ಕೆಳಗಿಳಿಯಿತು. ನಾನು ಬಾಯಲ್ಲಿದ್ದುದನ್ನು ಅಂಗೈಗೆ ಉಗುಳಿದೆ.

"ಬುದ್ಧಿ ಇರೋರು ಯಾರಾದ್ರೂ ಇದನ್ನ ತರಿಸ್ತಾರೇನೋ?" ಎಂದೆ.

ಮನಸ್ಸಿನಲ್ಲಿ ಅಂದುಕೊಂಡದ್ದು ಬಾಯಿಂದ ಬಂದಿತ್ತು. ಜೋರಾಗಿಯೇ ಬಂದಿತ್ತು, ಏಕವಚನದಲ್ಲಿ.

ಭಾವ ತೊದಲಿದರು. "ಇದು ನಾನು ತರಿಸಿದ್ದಲ್ಲಮ್ಮ, ಇದು ಅವನು..."

"ಗೊತ್ತು ಭಾವ. ಅವನಿಗೇ ಹೇಳಿದ್ದು."

ಅವನ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂದಿತ್ತು. ಅಲ್ಲಿ ಆ ಮೇಳದಲ್ಲಿ ನಿಂತು, ಇಷ್ಟು ದೊಡ್ಡ ಪ್ರಪಂಚದಲ್ಲಿ ಎಷ್ಟೋ ಒಳ್ಳೆಯ ವಸ್ತುಗಳಿರುವಾಗ, ಇದನ್ನು ಬಾಯಿಗಿಟ್ಟು, ಅಯ್ಯೋ ಚೆನ್ನಾಗಿದೆ ಎಂದು ಕಣ್ಣರಳಿಸಿ, ಆರ್ಡರಿಗೆ ಸಹಿ ಹಾಕಿ, ಮನೆಗೆ ಬಂದು, ತಿನ್ನುವ ಹೊತ್ತಿಗೆ ಇಲ್ಲವಾಗಿಬಿಟ್ಟ. ಬದುಕಿದ್ದಿದ್ದರೆ ಆ ದಿನ ಸಂಜೆಯವರೆಗೆ ಬೈಯುತ್ತಿದ್ದೆ. ಅವನು ನಗುತ್ತಾ ಇನ್ನೊಂದು ಮೀನು ತಿನ್ನುತ್ತಿದ್ದ.

ನಾನು ಇನ್ನೊಂದು ಮೀನು ತಿಂದೆ. ಮೊದಲನೆಯದು ನಿಜವೋ ಎಂದು ನೋಡಬೇಕಿತ್ತು. ಅಷ್ಟೇ ಕೆಟ್ಟದಾಗಿತ್ತು. ಮತ್ತೊಂದನ್ನು ಅನಾನಸ್ ಜೊತೆ ತಿಂದೆ. ಅದು ಇನ್ನೂ ಕೆಟ್ಟದಾಗಿತ್ತು.

"ಸಾಕು ಬಿಡೇ," ಎಂದರು ಅಕ್ಕ ಮೆಟ್ಟಿಲ ಮೇಲಿಂದ. ಅವರ ದನಿ ಯಾಕೋ ಒಡೆದಿತ್ತು.

ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು, ಮಕ್ಕಳಿಗೆ ಆಲೂಗಡ್ಡೆ ಬೇಯಿಸಿ ಕೊಡುವಷ್ಟು ಅಡುಗೆ ತಮಗೂ ಬರುತ್ತದೆ ಎಂದರು. ಹಗ್ಗ ಮಾತ್ರ ಕಟ್ಟಿಸಿಕೊಂಡು, ನನಗೆ ಒಂದು ಸಲ್ಯೂಟ್ ಹೊಡೆದು ಹೋದರು.

ಮಾವ ತೀರ್ಪು ಕೊಟ್ಟರು. ಮನೆಯವರು ಉಗುಳಿದ್ದನ್ನು ಮಾರುವಂತಿಲ್ಲ. ಮೀನು ಕಪಾಟಿಗೆ ಏರುವುದಿಲ್ಲ. ಆಮೇಲೆ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಬೇರೆ ಡಬ್ಬಗಳನ್ನೂ ಇನ್ನೊಮ್ಮೆ ತಿಂದು ನೋಡುತ್ತೀಯಾ ಎಂದು ಕೇಳಿದರು. ಅವರಿಗೆ ಎಷ್ಟು ಅರ್ಥವಾಗಿತ್ತೋ ತಿಳಿಯದು. ನಾನು ಒಂದೊಂದನ್ನೂ ತೆರೆದು ತಿಂದೆ. ಬರ್ಗರ್ ಒದ್ದೆ ಕಾಲುಚೀಲದ ಹಾಗಿತ್ತು, ಚೀಸು ಹಚ್ಚಿದ ಕಾಲುಚೀಲ. ಕೋಳಿಗೆ ಉಪ್ಪು ಬಿಟ್ಟರೆ ಬೇರೆ ಗುಣವಿರಲಿಲ್ಲ. ಬ್ರೆಡ್ಡು ಮಾವನ ಹಲ್ಲನ್ನು ಕಿತ್ತುಕೊಂಡದ್ದರಲ್ಲಿ ಆಶ್ಚರ್ಯವಿರಲಿಲ್ಲ. ತಿಂಡಿಯ ಡಬ್ಬದ ತಳದಲ್ಲಿದ್ದುದು ಏನು ಎಂದು ರುಚಿ ಬಂದ ಮೇಲೂ ತಿಳಿಯಲಿಲ್ಲ. ತಿಳಿಯದಿದ್ದುದೇ ಒಳ್ಳೆಯದು ಎಂಬುದು ಮಾತ್ರ ತಿಳಿಯಿತು. ಕೇಕು ಚೆನ್ನಾಗಿತ್ತು. ಅದನ್ನು ಪೂರ್ತಿ ತಿಂದೆ.

ಆಗ ನೆನಪಾಯಿತು, ನಾನು ಕೂತ ಕೊಂಬೆಯನ್ನು ನಾನೇ ಕಡಿದುಕೊಂಡಿದ್ದೇನೆ ಎಂದು. ಡಬ್ಬವಿಲ್ಲದ ಮೇಲೆ ಡಬ್ಬದ ವಿಭಾಗವಿಲ್ಲ. ವಿಭಾಗವಿಲ್ಲದ ಮೇಲೆ ನಾನಿಲ್ಲ. ಭಯವಾಯಿತು. ರುಚಿಯ ಹಿಂದೆಯೇ ಇದೂ ಬಂದಿತ್ತು.

ಸಂಜೆ ಭಾವ ಗಲ್ಲಾ ಮುಚ್ಚುತ್ತಿದ್ದಾಗ ಹತ್ತಿರ ಹೋಗಿ, "ಅಮ್ಮನಿಗೆ ನೀವು ಫೋನ್ ಮಾಡ್ತೀರೋ, ನಾನೇ ಮಾಡ್ಲೋ?" ಎಂದೆ.

"ಏನಂತ?"

"ಬಂದು ಕರ್ಕೊಂಡು ಹೋಗೋಕೆ. ಡಬ್ಬ ಮುಗೀತಲ್ಲ."

ಭಾವ ಬೀಗದ ಕೈಯನ್ನು ಕೆಳಗಿಟ್ಟರು. "ನಿಂಗೆ ಹೋಗೋಕೆ ಇಷ್ಟ ಇದೆಯಾ?"

ಅದುವರೆಗೆ ಇದನ್ನು ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

"ಇಲ್ಲ," ಎಂದೆ. "ನಾನು ಇಲ್ಲೇ ಇರ್ತೀನಿ ಭಾವ. ಡಬ್ಬ ಇಲ್ಲದಿದ್ರೂ. ಹಗ್ಗದ ಕಡೆ ಕೂರ್ತೀನಿ."

ಭಾವ ಇಂಗು ತಿಂದ ಮಂಗನ ಹಾಗೆ ನನ್ನನ್ನು ನೋಡಿದರು. ಆಮೇಲೆ, "ಬಾ ಇಲ್ಲಿ," ಎಂದು ಗೋದಾಮಿಗೆ ಕರೆದುಕೊಂಡು ಹೋದರು. ಅವನು ಹೋದ ಮೇಲೆ ನಾನು ಆ ಬಾಗಿಲು ದಾಟಿರಲಿಲ್ಲ. ದಾಟುವುದಿಲ್ಲ ಎಂದು ಭಾವನಿಗೂ ಗೊತ್ತಿತ್ತು. ಡೇರೆಗಳ ರಾಶಿಯ ಹಿಂದೆ ಒಂದು ಟಾರ್ಪಾಲು ಹೊದಿಸಿತ್ತು. ಅವರು ಅದರ ತುದಿ ಎತ್ತಿದರು. ಸೂರಿನವರೆಗೆ ಡಬ್ಬದ ಪೆಟ್ಟಿಗೆಗಳು. ಮೊದಲ ಸಲ ಬಂದವು, ಎರಡನೆಯ ಸಲ ಬಂದವು, ಖಾಲಿಯಾದವು ಎಂದದ್ದೆಲ್ಲ ಅಲ್ಲಿದ್ದವು. ಜನ ತಮಾಷೆಗೆ ಕೊಂಡ ಒಂದಿಷ್ಟು ಮಾತ್ರ ಕಡಿಮೆ.

"ಮಾರಿದ್ದು?" ಎಂದೆ.

"ಯಾರು ತಗೋತಾರೆ ಇದನ್ನ? ನಿನ್ನ ಬಾಯಲ್ಲಿ ಇಳಿಯೋದು ನೋಡಿ ನಂಗೇ ಹೊಟ್ಟೆ ತೊಳೆಸ್ತಿತ್ತು."

"ಮತ್ತೆ ಇನ್ನೂ ಯಾಕೆ ತರಿಸಿದ್ರಿ?"

ಭಾವ ಟಾರ್ಪಾಲನ್ನು ಮತ್ತೆ ಎಳೆದು, ಅಗತ್ಯವಿಲ್ಲದಿದ್ದರೂ ಮೂಲೆಗಳನ್ನು ಸರಿಮಾಡಿದರು. "ಅವನು ತರಿಸಿದ್ದು ಅಂತ ನೀನು ಅದನ್ನೇ ಹಿಡ್ಕೊಂಡು ಕೂತಿದ್ದೀಯ ಅಂದ್ಕೊಂಡೆ. ನಗು ಇಲ್ಲ, ಅಳು ಇಲ್ಲ. ಅದೊಂದನ್ನ ಮಾತ್ರ ಅಷ್ಟು ಶ್ರದ್ಧೆಯಿಂದ ತಿಂತಿದ್ದೆ. ಹೊಸ ಡಬ್ಬ ಬರೋದು ನಿಂತ್ರೆ ನೀನು ಹೊರಟುಬಿಡ್ತೀಯೇನೋ ಅಂತ."

"ನೀವು ಮಾರಬೇಕು ಅಂತ ನಾನು ತಿಂದೆ ಭಾವ."

ಅಕ್ಕ ಗೋದಾಮಿನ ಬಾಗಿಲಿಗೆ ಒರಗಿ ಆಗಲೇ ಬಂದು ನಿಂತಿದ್ದರು. ಅವರಿಗೆ ಎರಡೂ ಕಡೆಯ ಕಥೆ ಉಪ್ಪಿನ ಟೀಯ ದಿನದಿಂದಲೇ ಗೊತ್ತಿತ್ತು. ಇಬ್ಬರೂ ಒಬ್ಬರ ಒಳ್ಳೆಯದನ್ನು ಇನ್ನೊಬ್ಬರು ಬಯಸಿ ಸಾಯುತ್ತಿರುವಾಗ ನಡುವೆ ತಾನ್ಯಾಕೆ ಬಾಯಿ ಹಾಕಲಿ ಎಂದು ಸುಮ್ಮನಿದ್ದರಂತೆ. ಅದೂ ಅಲ್ಲದೆ ನಾನು ಹೋದರೆ ಅಂಗಡಿಯಲ್ಲಿ ಕೂರಬೇಕಾದವರು ಅವರು. ಅದನ್ನೂ ಮುಚ್ಚಿಡಲಿಲ್ಲ.

"ಈ ಮನೇಲಿ ಎಲ್ಲಾ ತಿಂದು ನೋಡ್ತಾರೆ," ಎಂದರು ಅಕ್ಕ. "ಬಾಯಿಬಿಟ್ಟು ಕೇಳಿ ನೋಡೋರು ಮಾತ್ರ ಒಬ್ಬರೂ ಇಲ್ಲ."

ಮೇಲೆ ಹೋಗಿ ಅಮ್ಮನಿಗೆ ನಾನೇ ಫೋನು ಮಾಡಿದೆ. ಬರುವುದಿಲ್ಲ, ಇಲ್ಲೇ ಇರುತ್ತೇನೆ ಎಂದೆ. ಅಮ್ಮ ಆ ಹೊಸ ಮೆಲುದನಿಯಲ್ಲೇ, ನಿನ್ನ ಇಷ್ಟ, ಆದರೆ ಅಣ್ಣ ಪಾಪ ನಿನಗೆಂದು ಕೋಣೆಗೆ ಬಣ್ಣ ಬಳಿಸಿಬಿಟ್ಟಿದ್ದಾನೆ ಎಂದಳು. ಯಾವ ಬಣ್ಣ ಎಂದು ಕೇಳಿದೆ. ತಿಳಿ ಹಸಿರು, ಕಣ್ಣಿಗೆ ತಂಪು ಎಂದಳು.

"ಆಸ್ಪತ್ರೆ ಬಣ್ಣ ಅಮ್ಮ ಅದು. ನಂಗೆ ಮೊದಲಿಂದಲೂ ಆಗಲ್ಲ."

ಅಮ್ಮ ಮೆಲುದನಿ ಬಿಟ್ಟು ಶುರುಮಾಡಿದಳು. ಎರಡು ದಿನ ಅಣ್ಣ ಊಟ ಬಿಟ್ಟು ಗೋಡೆ ಉಜ್ಜಿದ್ದಾನೆ, ಇವಳಿಗೆ ಬಣ್ಣ ಆಗುವುದಿಲ್ಲವಂತೆ. ಚಿಕ್ಕಂದಿನಿಂದ ಇದೇ ಆಯಿತು, ಕೊಟ್ಟದ್ದರಲ್ಲೆಲ್ಲ ಒಂದು ಕೊಂಕು, ಹೆತ್ತವಳಿಗೆ ತಪ್ಪಿದ್ದಲ್ಲ. ನಿನಗೆ ಇಷ್ಟದ ಬಣ್ಣ ಕೇಳಿ ಕೇಳಿ ಬಳಿಸಲು ನಾವೇನು ಅರಮನೆ ಕಟ್ಟುತ್ತಿದ್ದೇವಾ. ದನಿ ಏರುತ್ತಾ ಹೋಯಿತು, ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಅವನು ಹೋದ ಮೇಲೆ ನನ್ನನ್ನು ಯಾರೂ ಬೈದಿರಲಿಲ್ಲ. ನಾನು ಮಂಚದ ಮೇಲೆ ಕಾಲು ಚಾಚಿ ಕೂತು, ನಡುನಡುವೆ ಎದುರುತ್ತರ ಕೊಡುತ್ತಾ, ಅಮ್ಮ ದಣಿಯುವವರೆಗೆ ಕೇಳಿದೆ.